ಜುಂಜಯ್ಯನ ಗಾಡಿಯ ಕಡಾಣಿ

ಗೂಡ್ಸ್ ಷೆಡ್ಡಿನ ಗೇಟು ಒಂದು ಗಾಡಿ ಹಿಡಿಸುವಷ್ಟೇ ಅಗಲ. ಸೋಮವಾರ ಬೆಳಿಗ್ಗೆ ಸಾಲಿನ ಮೊದಲ ಗಾಡಿ ಅದರೊಳಗೆ ನೊಗ ತೂರಿಸಿತ್ತು ಅಷ್ಟೆ, ಬಲಗಡೆಯ ಚಕ್ರ ಕಳಚಿಕೊಂಡು ಉರುಳಿಹೋಯಿತು. ಗಾಡಿ ವಾಲಿತು. ಪಕ್ಕದಲ್ಲಿ ನಿಂತು ಬಾ ಬಾ ಎಂದು ಕೈ ಮಾಡುತ್ತಿದ್ದವನು ಕಾಟಾ ತೂಗುವ ಕೆಂಚಪ್ಪ. ಹತ್ತಿ ಮೂಟೆಗಳ ಭಾರವನ್ನೆಲ್ಲ ಹೊತ್ತ ಅಚ್ಚು ಅವನ ಕಾಲಿನ ಮೇಲೆ ಕೂತಿತು.

ಜನ ಸೇರಿ ಗಾಡಿ ಎತ್ತಿ ಅವನನ್ನು ಹೊರಗೆಳೆದರು. ಪ್ರಜ್ಞೆ ಇರಲಿಲ್ಲ. ಆಮೇಲೆ ಯಾರೋ ಅಚ್ಚಿನ ತುದಿ ನೋಡಿದರು. ಚಕ್ರ ಜಾರದಂತೆ ತಡೆಯುವ ಕಬ್ಬಿಣದ ಕಡಾಣಿ ಅಲ್ಲಿರಲಿಲ್ಲ. ಅದರ ತೂತಿನಲ್ಲಿ ಜೋಳದ ದಂಟಿನ ತುಂಡೊಂದು ಮುರಿದು ನಿಂತಿತ್ತು. ಗುರುತು ಹತ್ತಬಾರದೆಂದು ಅದಕ್ಕೆ ಕೀಲೆಣ್ಣೆಯ ಮಸಿ ಬಳಿದಿದ್ದರು.

ಸ್ಟೇಷನ್ನಿನ ಹೆಸರು ನಾನು ಹೇಳುವುದಿಲ್ಲ. ಹೊಳಲ್ಕೆರೆಗೂ ಹೊಸದುರ್ಗಕ್ಕೂ ನಡುವೆ ಎಲ್ಲೋ ಒಂದು ಕಡೆ ಅಂದುಕೊಳ್ಳಿ. ಹೆಸರೆತ್ತಿದರೆ ಅಲ್ಲಿ ಕಾದವರಿಗೆ ಈಗಲೂ ಮೈ ಉರಿಯುತ್ತದೆ. ರೈಲು ಬಂದರೆ ಮಾಲು ಗಾಳಿಯಂತೆ ಓಡುತ್ತದೆ ಎಂದಿದ್ದರು. ಓಡುತ್ತಿತ್ತು, ರೈಲು ಹತ್ತಿದ ಮೇಲೆ. ಹತ್ತುವ ತನಕ ಗಾಡಿಯವನು ಗೇಟಿನ ಮುಂದೆ ಬಿಸಿಲಲ್ಲಿ ಕಾಯಬೇಕು. ವ್ಯಾಗನ್ ಬಂದರೆ ಗುಮಾಸ್ತರಿಲ್ಲ. ಗುಮಾಸ್ತರು ಬಂದರೆ ಊಟದ ಹೊತ್ತು. ಊಟ ಮುಗಿದರೆ ವ್ಯಾಗನ್ ಇಲ್ಲ. ತಂದ ಮೇವು ಮುಗಿಯುತ್ತದೆ, ಬುತ್ತಿ ಮುಗಿಯುತ್ತದೆ, ಕೊನೆಗೆ ಬೈಗುಳವೂ ಮುಗಿದುಹೋಗುತ್ತದೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುವುದು ಇದಕ್ಕೇ.

ಇದರ ಮೇಲೆ ಒಂದು ರೂಲು ಬೇರೆ. ಕೂಗಿದಾಗ ಗಾಡಿ ಮುಂದೆ ಬರಲಿಲ್ಲವೋ, ಸಾಲಿನ ಬಾಲಕ್ಕೆ. ಯಾಕೆ ಬರಲಿಲ್ಲ ಎಂದು ಕೇಳುವವರಿಲ್ಲ.

*

ಪೊಲೀಸ್ ದಫೇದಾರ್ ಏಕಾಂತಪ್ಪ ಬಂದಾಗ ನೆತ್ತಿಯ ಮೇಲೆ ಸೂರ್ಯನಿದ್ದ. ಅಷ್ಟು ಹೊತ್ತಿಗೆ ಗುಮಾಸ್ತರು ತಮ್ಮ ತನಿಖೆ ಮುಗಿಸಿ, ಅಪರಾಧಿಯನ್ನೂ ಹುಡುಕಿ, ಹೊಂಗೆಮರಕ್ಕೆ ಕಟ್ಟಿಸಿದ್ದರು. ಕಟ್ಟಿಸಿಕೊಂಡವನು ಬಿದ್ದ ಗಾಡಿಯ ಒಡೆಯ, ಜವನಗೊಂಡನಹಳ್ಳಿಯ ಜುಂಜಯ್ಯ. ಪಕ್ಕದಲ್ಲಿ ಅವನ ಹೆಂಡತಿ ಪಾಲಮ್ಮ ಎತ್ತುಗಳ ಹಗ್ಗ ಹಿಡಿದು ನಿಂತಿದ್ದಳು.

ಗುಮಾಸ್ತರ ವಾದ ಸಲೀಸಾಗಿತ್ತು. ನಿನ್ನೆ ಸಂಜೆ ಈ ಜುಂಜಯ್ಯ ಕೆಂಚಪ್ಪನ ಜೊತೆ ಜಗಳವಾಡಿದ. ನಿನ್ನ ಕಾಲು ಮುರಿಯುತ್ತೇನೆ ಎಂದು ಎಲ್ಲರ ಮುಂದೆ ಕೂಗಿದ. ಇವತ್ತು ಕಾಲು ಮುರಿದಿದೆ. ಇನ್ನೇನು ಬೇಕು?

"ಅಂದಿದ್ದೆಯೇನಯ್ಯ?" ಏಕಾಂತಪ್ಪ ಕೇಳಿದ.

"ಅಂದಿದ್ದೆ ಸ್ವಾಮಿ. ಇಲ್ಲಿ ಎಲ್ರೂ ಅಂತಾರೆ. ನೀವೂ ನಾಕು ದಿನ ಕುಂತ್ಕಳ್ರಿ, ನೀವೂ ಅಂತೀರ."

ಪಾಲಮ್ಮ ಒಂದೇ ಮಾತು ಕೇಳಿದಳು. ಕೆಂಚಪ್ಪ ಸತ್ತರೆ ತನ್ನ ಗಂಡನನ್ನು ಏನು ಮಾಡುತ್ತಾರೆ? ಉತ್ತರ ಅವಳಿಗೂ ಗೊತ್ತಿತ್ತು.

ಏಕಾಂತಪ್ಪ ಬಿದ್ದ ಗಾಡಿಯ ಸುತ್ತ ಎರಡು ಸಲ ಬಂದ. ಕೋಪ ಬಂದಿತು. ಒಬ್ಬನ ಕಾಲು ಮುರಿಯಬೇಕೆನ್ನುವವನು ತನ್ನ ಗಾಡಿಯನ್ನೇ ಕೆಡವಿಕೊಳ್ಳುತ್ತಾನೆಯೇ? ಅದೂ ತಾನೇ ಮೇಲೆ ಕೂತು? ಕೆಂಚಪ್ಪ ಆ ಗಳಿಗೆಗೆ ಬಲಗಡೆಯೇ ನಿಲ್ಲುತ್ತಾನೆಂದು ಇವನಿಗೆ ಕನಸು ಬಿದ್ದಿತ್ತೇ? ಇಷ್ಟು ಯೋಚಿಸಲಾಗದವರು ರೂಲು ಮಾಡುತ್ತಾರೆ.

ಕಡಾಣಿ ಯಾವಾಗ ಹೋಯಿತೆನ್ನುವುದು ಬೇಗ ತಿಳಿಯಿತು. ನಿನ್ನೆ ಹೊತ್ತು ಮುಳುಗುವ ಮುಂಚೆ ಜುಂಜಯ್ಯ, ಪಾಲಮ್ಮ ಇಬ್ಬರೂ ಎತ್ತುಗಳಿಗೆ ನೀರು ಕುಡಿಸಲು ಕೆರೆಗೆ ಹೋಗಿದ್ದರು. ಗಾಡಿ ಒಂಟಿಯಾಗಿತ್ತು. ಜೋಳದ ದಂಟು ಯಾರದೆಂದು ಕೇಳಿ ಪ್ರಯೋಜನವಿರಲಿಲ್ಲ. ಸಾಲಿನಲ್ಲಿದ್ದ ಎಲ್ಲ ಎತ್ತುಗಳೂ ಅದನ್ನೇ ಮೆಲ್ಲುತ್ತಿದ್ದವು.

ಗುಮಾಸ್ತರು ಸೋಲುವವರಲ್ಲ. ಹಾಗಾದರೆ ಎರಡನೇ ಗಾಡಿಯ ಕಾಟಲಿಂಗಪ್ಪನೇ ಇರಬೇಕೆಂದರು. ಮುಂದಿನವನು ಬಿದ್ದರೆ ಅವನೇ ಮೊದಲಾಗುತ್ತಾನಲ್ಲ.

ಹಿರಿಯೂರಿನ ಕಾಟಲಿಂಗಪ್ಪ ಇದನ್ನು ಕೇಳಿ ತಲೆಗೆ ಸುತ್ತಿದ್ದ ವಸ್ತ್ರ ಬಿಚ್ಚಿ ನೆಲಕ್ಕೆ ಬಡಿದ. "ಗೇಟಿನಾಗೆ ಗಾಡಿ ಬಿದ್ರೆ ನಾನೆಲ್ಲಿಂದ ತೂರ್ಲಿ ಸ್ವಾಮಿ? ಎತ್ತಿಗೇನು ರೆಕ್ಕೆ ಅವೆಯಾ?"

ನಿಜ. ಆ ಗೇಟಿನಲ್ಲಿ ಮೊದಲ ಗಾಡಿ ಬಿದ್ದರೆ ಹಿಂದಿನವರೆಲ್ಲ ನಿಂತಲ್ಲೇ ನಿಲ್ಲಬೇಕು. ಇದರಿಂದ ಯಾರಿಗೂ ಲಾಭವಿಲ್ಲ. ಸಾಲು ಸರಿಯಲಿ ಎಂದು ಎಲ್ಲರೂ ಬಾಯಿ ಬಡಿದುಕೊಳ್ಳುವ ಜಾಗದಲ್ಲಿ, ಸಾಲು ನಿಲ್ಲಲಿ ಅಂತ ಬಯಸುವವನು ಯಾರು?

*

ಉತ್ತರ ಸಿಕ್ಕಿದ್ದು ಪಾಲಮ್ಮನ ಬಾಯಿಂದ. ಅವಳು ಯಾರ ಮೇಲೂ ದೂರು ಹೇಳಲಿಲ್ಲ. ಒಬ್ಬರನ್ನು ಹೊಗಳಿದಳು.

ಮೂರನೇ ಗಾಡಿ ಹೊಸದುರ್ಗದ ಕಡೆಯ ಪರಮೇಶ್ವರಪ್ಪನದು. ಗೌಡರದು ದೊಡ್ಡ ಮನಸ್ಸು ಎಂದಳು. ಎಲ್ಲರೂ ಕಂಗಾಲಾಗಿ ನಿಂತಾಗ ತಮ್ಮ ಮೂಟೆಗಳನ್ನು ತಾವೇ ಕೆಳಗೆ ನೂಕಿ, ತಮ್ಮ ಎತ್ತು ಹೂಡಿ, ಕೆಂಚಪ್ಪನನ್ನೂ ಒಬ್ಬ ಹಮಾಲಿಯನ್ನೂ ಕೂರಿಸಿಕೊಂಡು ಹೊಳಲ್ಕೆರೆ ಆಸ್ಪತ್ರೆಗೆ ಹೊಡೆದುಕೊಂಡು ಹೋದರು.

"ಮೊನ್ನೆ ಮಾಲು ಇಳ್ಸಿದ್ ಖಾಲಿ ಗಾಡಿ ಹೂಡಿ ನಿಂತಿತ್ತು. ಅದ್ರಾಗೇ ಹೋಗಾಣ ಅಂದ್ರೆ ಕೇಳ್ಲಿಲ್ಲ. ನನ್ ಗಾಡೀಲೇ ಬರ್ಬೇಕು ಅಂತ ಹಠ ಹಿಡಿದ್ರು. ಅವ್ರ ಕಣ್ಣಾಗೆ ನೀರು ಬಂದಿತ್ತು."

"ತಮ್ಮೆತ್ತು ಹೂಡಿದ್ರಾ? ಇವತ್ತು?"

"ಹೂನ್ರಿ. ಇವತ್ತೇ."

ಏಕಾಂತಪ್ಪನ ಕೈ ತಾನಾಗಿ ಕೊರಳಿನ ಲಿಂಗದ ಕರಡಿಗೆಯ ಮೇಲೆ ಹೋಯಿತು. ಗೌಡರಂತೆ ಅವನೂ ಶಿವಭಕ್ತರ ಮನೆಯ ಮಗ. ಅಂಥ ಮನೆಗಳಲ್ಲಿ ಸೋಮವಾರ ಬಸವಣ್ಣನ ಕೊರಳಿಗೆ ನೊಗ ಇಡುವಂತಿಲ್ಲ. ಭೂಮಿಯ ಹದ ಕೆಟ್ಟು ಹೋಗುತ್ತಿದ್ದರೂ ಅವನ ತಂದೆ ಆ ದಿನ ಎತ್ತಿನ ಮೈ ತೊಳೆದು, ವಿಭೂತಿ ಹಚ್ಚಿ, ಸುಮ್ಮನೆ ಕೂರುತ್ತಿದ್ದ.

ಅವನು ನೇರ ಗುಮಾಸ್ತರ ಬಳಿಗೆ ಹೋದ. ಪರಮೇಶ್ವರಪ್ಪ ಎಷ್ಟು ದಿನದಿಂದ ಕಾಯುತ್ತಿದ್ದಾನೆ? ಗುಮಾಸ್ತರು ನಕ್ಕರು. ಹೋದ ವಾರವೇ ಅವನ ಸರದಿ ಬಂದಿತ್ತಂತೆ, ಸೋಮವಾರ. ಎತ್ತು ಹೂಡುವುದಿಲ್ಲ, ನಾಳೆ ಬರುತ್ತೇನೆ ಎಂದನಂತೆ. ರೂಲಿನಲ್ಲಿ ಸೋಮವಾರಕ್ಕೆ ಬೇರೆ ರೂಲಿಲ್ಲ. ಬಾಲಕ್ಕೆ ಕಳಿಸಿದರು. ಅಲ್ಲಿಂದ ಮತ್ತೆ ತೆವಳಿಕೊಂಡು ಮೂರನೆಯವನಾಗುವ ಹೊತ್ತಿಗೆ ಮತ್ತೆ ಸೋಮವಾರ.

"ಇವತ್ತು ಸಾಲು ಸರಿದಿದ್ರೆ?"

"ಸರಿದಿದ್ದರೆ ಹತ್ತು ಗಂಟೆಗೆಲ್ಲ ಅವನನ್ನು ಕೂಗುತ್ತಿದ್ದೆ. ಬರದಿದ್ದರೆ ಬಾಲಕ್ಕೆ." ಇಷ್ಟು ಹೇಳಿ ಗುಮಾಸ್ತರು ಬಿಸಿಲಿಗೆ ಕೊಡೆ ಬಿಡಿಸಿಕೊಂಡರು.

*

ಹೊತ್ತು ಇಳಿಯುವಾಗ ಪರಮೇಶ್ವರಪ್ಪನ ಗಾಡಿ ವಾಪಸು ಬಂತು. ಕಣ್ಣಿಗೆ ಕಾಣುವ ಮೊದಲೇ ಕಿವಿಗೆ ಕೇಳಿತು. ಚಕ್ರಗಳು ಅಷ್ಟು ಕೀರಲಾಗಿ ಕಿರುಚುತ್ತಿದ್ದವು.

ಅವನು ಇಳಿದ. ಮೊದಲು ಎತ್ತುಗಳ ಕೊರಳಿನ ನೊಗ ಬಿಚ್ಚಿ ಅವುಗಳ ಕಾಲು ಮುಟ್ಟಿ ಕಣ್ಣಿಗೊತ್ತಿಕೊಂಡ. ಆಮೇಲೆ ಸುದ್ದಿ ಹೇಳಿದ. ಕೆಂಚಪ್ಪನ ಜೀವಕ್ಕೆ ಭಯವಿಲ್ಲ. ಆದರೆ ಆ ಕಾಲು ಇನ್ನು ಮೊದಲಿನಂತೆ ನೆಲ ಊರುವುದಿಲ್ಲ.

ಪಾಲಮ್ಮ ಬೆಳಗಿನಿಂದ ಹಿಡಿದಿದ್ದ ಎತ್ತುಗಳ ಹಗ್ಗ ಕೈಬಿಟ್ಟಳು. ಗಂಡನ ಕೊರಳು ಉಳಿಯಿತು.

"ಗಾಡಿ ಇಷ್ಟು ಕಿರುಚ್ತೈತಲ್ಲ ಗೌಡ್ರೇ. ಹೊರಡೋ ಮುಂಚೆ ಕೀಲೆಣ್ಣೆ ಹಾಕ್ಲಿಲ್ವಾ?" ಏಕಾಂತಪ್ಪ ಕೇಳಿದ.

"ಆತುರದಾಗೆ ಮರೆತೆ."

"ದಾರೀಲೂ ನೆನಪಾಗ್ಲಿಲ್ಲ. ಹೋಗ್ಲಿ, ಈಗ ಹಾಕ್ರಿ."

ಪರಮೇಶ್ವರಪ್ಪ ಕದಲಲಿಲ್ಲ. ಏಕಾಂತಪ್ಪ ಬಗ್ಗಿ, ಗಾಡಿಯಡಿ ನೇತಾಡುತ್ತಿದ್ದ ಕೀಲೆಣ್ಣೆಯ ಬಿದಿರು ಗೊಟ್ಟವನ್ನು ಬಿಚ್ಚಿ ತಲೆಕೆಳಗು ಮಾಡಿದ. ಕಪ್ಪು ಎಣ್ಣೆಯ ಜೊತೆ ಕಬ್ಬಿಣದ ಕಡಾಣಿ ಜಾರಿ ಕೆಳಗೆ ಬಿತ್ತು.

"ಅದು ನಂದು," ಎಂದ ಮರದ ಬುಡದಿಂದ ಜುಂಜಯ್ಯ.

ಏಕಾಂತಪ್ಪ ಅವನ ಹಗ್ಗ ಬಿಚ್ಚಿಸಿದ. ಆಮೇಲೆ ಬೇಸತ್ತ ದನಿಯಲ್ಲಿ ಎಲ್ಲರಿಗೂ ವಿವರಿಸಿದ. ಸಾಲು ನಿಲ್ಲಬೇಕಾಗಿದ್ದುದು ಒಬ್ಬನಿಗೆ ಮಾತ್ರ. ಸಾಲಿನಲ್ಲಿ ಶಿವಭಕ್ತರು ಹಿಂದೆಯೂ ಇದ್ದರು, ಆದರೆ ಅವರ ಸರದಿ ಇವತ್ತು ಬರುತ್ತಿರಲಿಲ್ಲ. ಪರಮೇಶ್ವರಪ್ಪನದು ಬರುತ್ತಿತ್ತು. ಗೇಟಿನಲ್ಲಿ ಒಂದು ಗಾಡಿ ಬಿದ್ದರೆ ಸೋಮವಾರ ಕಳೆದುಹೋಗುತ್ತದೆ, ಮಂಗಳವಾರ ಅವನು ಧಾರಾಳವಾಗಿ ಎತ್ತು ಹೂಡಬಹುದು. ಇಷ್ಟರ ಮೇಲೆ, ಸ್ವಂತ ಹತ್ತಿಗಾಗಿ ಹೂಡದ ನೊಗವನ್ನು, ಖಾಲಿ ಗಾಡಿ ಪಕ್ಕದಲ್ಲೇ ನಿಂತಿದ್ದರೂ, ಕೆಂಚಪ್ಪನಿಗಾಗಿ ಹೂಡಿದ. ಬರೀ ದಯೆ ಇದ್ದವನು ಖಾಲಿ ಗಾಡಿ ಹತ್ತಿಸಿ ಕಳಿಸುತ್ತಿದ್ದ. ತಪ್ಪು ಮಾಡಿದವನು ತಾನೇ ಹೊರಬೇಕು ಅನ್ನುತ್ತಾನೆ. ಇನ್ನು ಗಾಡಿ ಹೊಡೆಯುವವನು ಅಷ್ಟು ದೂರ ಕೀಲೆಣ್ಣೆಯಿಲ್ಲದೆ ಎತ್ತುಗಳನ್ನು ಸವೆಸಿದನೆಂದರೆ, ಆ ಗೊಟ್ಟವನ್ನು ಹಮಾಲಿಯ ಮುಂದೆ ತೆರೆಯುವಂತಿರಲಿಲ್ಲ ಎಂದೇ ಅರ್ಥ.

"ದಾರೀಲಿ ಎಲ್ಲಾದ್ರೂ ಬಿಸಾಕಬಹುದಿತ್ತಲ್ಲ?" ಏಕಾಂತಪ್ಪ ಕೇಳಿದ.

"ಇನ್ನೊಬ್ಬನ ಕಬ್ಬಿಣ ಹೆಂಗೆ ಬಿಸಾಕ್ಲಿ? ನಾಳೆ ಅವನ ಗಾಡೀಲೇ ಇಡಾಣ ಅಂತಿದ್ದೆ." ಪರಮೇಶ್ವರಪ್ಪ ಜುಂಜಯ್ಯನ ಕಡೆ ತಿರುಗಿದ. "ಗಾಡಿ ಒಂದಿನ ಬೀಳ್ಲಿ ಅಂದ್ಕಂಡೆ. ಅಲ್ಲಿ ಮನುಷ್ಯ ನಿಂತಿರ್ತಾನೆ ಅಂತ ಹೊಳೀಲಿಲ್ಲ. ಬಸವಣ್ಣನ ನೇಮ ಉಳಿಸಾಕೆ ಹೋಗಿ ಅದನ್ನೂ ಕಳ್ಕಂಡೆ."

*

ಜುಂಜಯ್ಯ ಚಕ್ರ ಏರಿಸಿ, ಕಡಾಣಿ ಒರೆಸಿ ಅಚ್ಚಿನ ತೂತಿಗೆ ಬಡಿದ. ಗಾಡಿ ಒಳಗೆ ಹೋಯಿತು. ಹಿಂದೆಯೇ ಕಾಟಲಿಂಗಪ್ಪನದೂ ಹೋಯಿತು. ಗುಮಾಸ್ತರು ಮೂರನೇ ಗಾಡಿಯನ್ನು ಕೂಗಿದರು.

ಮೂರನೇ ಗಾಡಿಯವನು ದಫೇದಾರರ ಪಕ್ಕ ಕೈ ಕಟ್ಟಿಸಿಕೊಂಡು ನಿಂತಿದ್ದ. ಎತ್ತುಗಳು ನೊಗ ಕಳಚಿ ಮೇವು ತಿನ್ನುತ್ತಿದ್ದವು.

"ಬರಲಿಲ್ಲವೋ, ಬಾಲಕ್ಕೆ," ಎಂದರು ಗುಮಾಸ್ತರು.

ಏಕಾಂತಪ್ಪನಿಗೆ ಬೆಳಗಿನಿಂದ ಕಟ್ಟಿಟ್ಟಿದ್ದ ಸಿಟ್ಟು ಒಮ್ಮೆಗೇ ಬಂತು. ಗಾಡಿಯನ್ನು ಎತ್ತೇ ಎಳೆಯಬೇಕೆಂದು ರೂಲಿನಲ್ಲಿದೆಯೇ ಎಂದು ಕೇಳಿದ. ಹಾಗೇನೂ ಇರಲಿಲ್ಲ.

ಮೊದಲು ಎದ್ದವನು ಜುಂಜಯ್ಯ. ಮೈ ಮೇಲೆ ಹಗ್ಗದ ಬರೆ ಇನ್ನೂ ಕೆಂಪಗಿತ್ತು. ಕಾಟಲಿಂಗಪ್ಪನೂ ಹಿಂದಿನ ನಾಲ್ಕಾರು ಜನರೂ ಬಂದರು. ನೆಲದಲ್ಲಿದ್ದ ಮೂಟೆಗಳನ್ನು ಗಾಡಿಗೇರಿಸಿದರು. ನೊಗದ ಒಂದು ಕಡೆ ಜುಂಜಯ್ಯ, ಇನ್ನೊಂದು ಕಡೆ ಕಾಟಲಿಂಗಪ್ಪ ಹೆಗಲು ಕೊಟ್ಟರು. ಉಳಿದವರು ಹಿಂದಿನಿಂದ ನೂಕಿದರು. ಎಲೆ ಅಡಿಕೆ ಹಾಕಿಕೊಂಡು ಉಗಿಯುವಷ್ಟರಲ್ಲಿ ಗಾಡಿ ಕಾಟಾದ ಮುಂದೆ ನಿಂತಿತ್ತು.

ಪರಮೇಶ್ವರಪ್ಪ ಅದನ್ನೇ ನೋಡುತ್ತಿದ್ದ. ಜುಂಜಯ್ಯ ನೊಗ ಇಳಿಸಿ, ಬೆವರು ಒರೆಸಿಕೊಂಡು, ಅವನ ಎದುರಿಗೆ ಬಂದು ನಿಂತ.

"ಒಂದು ಮಾತು ಕೇಳಿದ್ರೆ ಬೆಳಿಗ್ಗೇನೇ ಎಳೀತಿದ್ವಲ್ಲ ಗೌಡ್ರೇ."