ಏಳನೆಯ ಪ್ರಮಾಣಪತ್ರ

ಮಂಗಳವಾರ ಬೆಳಿಗ್ಗೆ 10.40ಕ್ಕೆ ಠಾಣೆಗೆ ಬಂದ ವೈದ್ಯೆ, ಕುರ್ಚಿ ತೋರಿಸಿದರೂ ಕೂರಲಿಲ್ಲ. ಬಸ್ ಚಾಲಕರ ಆರೋಗ್ಯ ತಪಾಸಣಾ ಕೇಂದ್ರದ ಮುಖ್ಯಸ್ಥೆ ಅವರು.

"ಗುರುವಾರ ನಾನು ಆರು ಜನ ಡ್ರೈವರ್‌ಗಳಿಗೆ ಫಿಟ್ ಅಂತ ಸಹಿ ಹಾಕಿದ್ದು. ಇವತ್ತು ಡಿಪೊ ಮ್ಯಾನೇಜರ್ ಫೋನ್ ಮಾಡಿ, ಏಳೂ ಪತ್ರ ಬಂತು ಡಾಕ್ಟ್ರೇ ಅಂತಾರೆ."

"ಏಳನೆಯದು ಯಾರದ್ದು?" ಇನ್‌ಸ್ಪೆಕ್ಟರ್ ಕೇಳಿದರು.

"ಗೊತ್ತಿಲ್ಲ. ಗುಮಾಸ್ತೆ ನೋಡಿ ಹೇಳ್ತಾರೆ ಅಂದ್ರು. ಒಂದು ಗಂಟೆ ಆಯ್ತು, ಸುದ್ದಿಯಿಲ್ಲ. ಆವತ್ತು ನಾನು ಬೇಡ ಅಂದವರು ಐದು ಜನ. ಇಬ್ಬರಿಗೆ ಕಣ್ಣು, ಇಬ್ಬರಿಗೆ ಹೃದಯ, ಒಬ್ಬರಿಗೆ ಮೂರ್ಛೆ. ಅವರಲ್ಲಿ ಯಾರೋ ಈಗ ಬಸ್ ಓಡಿಸ್ತಿದ್ರೆ?"

ಇನ್‌ಸ್ಪೆಕ್ಟರ್ ಐದೂ ಹೆಸರು ಬರೆಸಿಕೊಂಡು ಹೆಡ್ ಕಾನ್‌ಸ್ಟೆಬಲ್ ಕೈಗೆ ಕೊಟ್ಟರು. ಅವನು ಡಿಪೊಗೆ ಫೋನ್ ಮಾಡಿ, ಎರಡೇ ನಿಮಿಷದಲ್ಲಿ ಮುಗುಳ್ನಗುತ್ತ ಬಂದ. "ಐದರಲ್ಲಿ ಒಬ್ಬರೂ ಇವತ್ತು ಡ್ಯೂಟಿಯಲ್ಲಿಲ್ಲವಂತೆ, ಸರ್."

ಎಲ್ಲರೂ ಉಸಿರು ಬಿಟ್ಟರು. ಇನ್‌ಸ್ಪೆಕ್ಟರ್ ಮಾತ್ರ ಪೂರ್ತಿ ಬಿಡಲಿಲ್ಲ. ಇಪ್ಪತ್ತು ವರ್ಷದ ನೌಕರಿಯಲ್ಲಿ ಇಷ್ಟು ಬೇಗ ಉತ್ತರ ಕೊಟ್ಟ ಕಚೇರಿಯನ್ನು ಅವರು ಕಂಡಿರಲಿಲ್ಲ. 11.05ಕ್ಕೆ ಎಫ್‌ಐಆರ್ ದಾಖಲಾಯಿತು. ಆರೋಪಿಯ ಜಾಗದಲ್ಲಿ 'ಅಪರಿಚಿತ' ಎಂದು ಬರೆದರು.

ಇನ್‌ಸ್ಪೆಕ್ಟರ್ ಹೆಡ್ ಕಾನ್‌ಸ್ಟೆಬಲ್ ಜೊತೆ ಎರಡು ಬೀದಿಯಾಚೆಯ ತಪಾಸಣಾ ಕೇಂದ್ರಕ್ಕೆ ಹೋದರು. ಅಲ್ಲಿನ ಕಂಪ್ಯೂಟರ್ ನೋಡಿಕೊಳ್ಳುವವನನ್ನು ಎಲ್ಲರೂ 'ಕಪ್ಪುಪರದೆ' ಎಂದೇ ಕರೆಯುತ್ತಿದ್ದರು. ಮೌಸ್ ಮುಟ್ಟಿದರೆ ಮೈಲಿಗೆ ಎನ್ನುವಂತೆ, ಸಕಲವನ್ನೂ ಕಪ್ಪು ಪರದೆಯ ಮೇಲೆ ಆಜ್ಞೆ ಟೈಪ್ ಮಾಡಿಯೇ ಮಾಡುವ ಆಸಾಮಿ.

"ನಮ್ಮ ಡಿಜಿಟಲ್ ಸಹಿ ನಕಲು ಮಾಡೋಕೆ ಸಾಧ್ಯವೇ ಇಲ್ಲ, ಸರ್. ಎಲಿಪ್ಟಿಕ್ ಕರ್ವ್ ಲೆಕ್ಕ. ಬ್ರಹ್ಮ ಬಂದ್ರೂ ಒಡೆಯೋಕಾಗಲ್ಲ."

"ಇಲ್ಲಿಂದ ಗುರುವಾರ ಎಷ್ಟು ಸಹಿ ಆಗಿದೆ?"

"ಆರು."

"ಡಿಪೊದಲ್ಲಿ ಏಳಿದೆ. ಏಳೂ ಸರಿಯಾದ ಸಹಿ ಅಂತ ಅವರು ಒಪ್ಪಿಕೊಂಡಿದ್ದಾರೆ. ಹಾಗಾದ್ರೆ ಸಹಿ ಹಾಕೋ ಕೀಲಿ ಹೊರಗೆ ಹೋಗಿದೆ."

"ಕೀಲಿ ಯಾರಿಗೂ ಕೊಟ್ಟಿಲ್ಲ. ಹೋದ ತಿಂಗಳು ಡಿಪೊದವರು ಕೇಳಿದ್ರು ಅಂತ ಕರ್ವಿನ ನಿಯತಾಂಕಗಳ ಫೈಲ್ ಕಳಿಸಿದೆ, ಅಷ್ಟೇ. ಯಾವ ರೇಖೆ ಮೇಲೆ ಲೆಕ್ಕ ಅನ್ನೋದು ಗುಟ್ಟಲ್ಲ, ಊರಿಗೆಲ್ಲ ಹೇಳಬಹುದು. ಗುಟ್ಟು ಇರೋದು ಖಾಸಗಿ ಕೀಲಿ ಒಂದೇ."

"ಕಳಿಸೋ ಮುಂಚೆ ಫೈಲ್ ತೆಗೆದು ನೋಡಿದ್ರಾ?"

"ನೋಡ್ದೆ. ಮೊದಲ ಮೂರು ಸಾಲು. ಯಾವ ಫೈಲಾದ್ರೂ ಅಷ್ಟೇ ನೋಡೋದು ನನ್ನ ರೂಢಿ."

"ಈಗ ಪೂರ್ತಿ ತೋರಿಸಿ."

ಕಪ್ಪುಪರದೆ ಟೈಪ್ ಮಾಡಿದ. ಮೊದಲ ಮೂರು ಸಾಲು ನಿಯತಾಂಕಗಳೇ ಹೌದು. ನಾಲ್ಕನೆಯ ಸಾಲಿನಲ್ಲಿ 'ಖಾಸಗಿ ಕೀಲಿ ಆರಂಭ' ಎಂಬ ಇಂಗ್ಲಿಷ್ ಅಕ್ಷರಗಳು ನಿಂತಿದ್ದವು. ಎಂಟು ತಿಂಗಳ ಹಿಂದೆ ಅವನು ನಿಯತಾಂಕ, ಕೀಲಿ ಎರಡನ್ನೂ ಒಂದೇ ಆಜ್ಞೆಯಲ್ಲಿ ಮಾಡಿಸಿದ್ದ. ಬೇರೆ ಬೇರೆ ಬರೆ ಎಂದು ಹೇಳದಿದ್ದರೆ ಆ ಆಜ್ಞೆ ಎರಡನ್ನೂ ಒಂದೇ ಫೈಲಿನಲ್ಲಿ ಮೇಲೆ ಕೆಳಗೆ ಬರೆದುಬಿಡುತ್ತದೆ. ಅವನು ಫೈಲಿಗೆ ರೇಖೆಯ ಹೆಸರಿಟ್ಟು ಮರೆತಿದ್ದ.

"ಈಗಲೇ ಹೊಸ ಕೀಲಿ ಮಾಡಿಬಿಡ್ತೀನಿ, ಸರ್."

"ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ್ರಂತೆ. ಮಾಡಿ. ಮೊದಲು ಹೇಳಿ, ಡಿಪೊದಲ್ಲಿ ಇದನ್ನ ಯಾರಿಗೆ ಕಳಿಸಿದ್ರಿ?"

"ಪ್ರಮಾಣಪತ್ರ ಪರಿಶೀಲಿಸೋ ಗುಮಾಸ್ತೆಗೆ. ಎಲ್ಲರೂ ಅಕ್ಕ ಅಂತಾರೆ. ಸಹಿ ಪರೀಕ್ಷಿಸೋ ಆಜ್ಞೆ ಅವರಿಗೆ ನಾನೇ ಕಲಿಸಿದ್ದು."

ಇನ್‌ಸ್ಪೆಕ್ಟರ್ ಹೆಡ್ ಕಾನ್‌ಸ್ಟೆಬಲ್ ಕಡೆ ತಿರುಗಿದರು. "ಡ್ಯೂಟಿಯಲ್ಲಿ ಯಾರೂ ಇಲ್ಲ ಅಂತ ಫೋನಲ್ಲಿ ಹೇಳಿದ್ದು ಯಾರು?"

"ಒಬ್ಬ ಹೆಂಗಸು, ಸರ್. ಮ್ಯಾನೇಜರ್ ಅಂಗಳದಲ್ಲಿದ್ದಾರೆ, ನಾನು ಗುಮಾಸ್ತೆ, ಎಲ್ಲರೂ ಅಕ್ಕ ಅಂತಾರೆ ಅಂದ್ರು."

ಇಬ್ಬರೂ ಹೊರಗೆ ಓಡಿದರು. ಜೀಪು ಡಿಪೊದ ಗೇಟು ದಾಟಿದಾಗ 11.48. ದಾರಿಯಲ್ಲಿ ಎದುರಾದ ಪ್ರತಿ ಬಸ್ಸಿನ ಚಾಲಕನ ಮುಖವನ್ನೂ ಇನ್‌ಸ್ಪೆಕ್ಟರ್ ನೋಡಿದ್ದರು. ಅವರಿಗೆ ಹೆದರಿಕೆಯಾಗಿತ್ತು.

ಕಚೇರಿಯಲ್ಲಿ ನಲವತ್ತೈದರ ಆಸುಪಾಸಿನ ಹೆಂಗಸು ಫೋನಿನ ಮುಂದೆ ಕೂತಿದ್ದಳು. ರಿಸೀವರ್ ಮೇಲೆ ಕೈ, ಗೋಡೆ ಗಡಿಯಾರದ ಮೇಲೆ ಕಣ್ಣು. ಪೊಲೀಸರನ್ನು ಕಂಡು ಅವಳು ಬೆಚ್ಚಲಿಲ್ಲ.

"ಆ ಐವರಲ್ಲಿ ನಿಮ್ಮ ಸಂಬಂಧಿ ಯಾರು?" ಇನ್‌ಸ್ಪೆಕ್ಟರ್ ಕೇಳಿದರು.

"ನನ್ನ ತಮ್ಮ."

"ಏನು ಕಾಯಿಲೆ?"

"ಮೂರ್ಛೆ."

"ಈಗ ಎಲ್ಲಿದ್ದಾನೆ?"

"ಹನ್ನೊಂದರ ಬಸ್ಸು. ಗುಡ್ಡದ ದಾರಿ. ಐವತ್ತೆರಡು ಜನ ಇದ್ದಾರೆ."

ಹೆಡ್ ಕಾನ್‌ಸ್ಟೆಬಲ್ ಆಗಲೇ ವೈರ್‌ಲೆಸ್ ಹಿಡಿದಿದ್ದ. ಗುಡ್ಡದ ಬುಡದ ಚೆಕ್‌ಪೋಸ್ಟಿಗೆ ಬಸ್ಸು ಇನ್ನೂ ಬಂದಿರಲಿಲ್ಲ, ಅಥವಾ ಬಂದು ಹೋಗಿತ್ತು, ಅಲ್ಲಿದ್ದವರಿಗೆ ಖಚಿತವಿರಲಿಲ್ಲ. ಮೊದಲ ತಿರುವು ಅಲ್ಲಿಂದ ಅರ್ಧ ಮೈಲಿ. ಒಂದು ಬದಿಗೆ ಬಂಡೆ, ಇನ್ನೊಂದು ಬದಿಗೆ ಏನೂ ಇಲ್ಲ.

ಹನ್ನೊಂದು ನಿಮಿಷ. ಮ್ಯಾನೇಜರ್ ಬಂದು, ವಿಷಯ ತಿಳಿದು, ಬಾಗಿಲಲ್ಲೇ ಕುಸಿದು ಕೂತರು. ಅಕ್ಕ ಮಾತ್ರ ತನ್ನಷ್ಟಕ್ಕೇ ಮಾತಾಡುತ್ತ ಹೋದಳು.

"ಅಂಗಳದ ಕೆಲಸಕ್ಕೆ ಅಂತಲೇ ನಾನು ಪತ್ರ ಮಾಡಿದ್ದು. ತೊಳೆಯೋಕೆ ಬಸ್ಸನ್ನ ಆ ಕಡೆಯಿಂದ ಈ ಕಡೆ ತರೋದು. ನಡಿಗೆ ವೇಗ. ಅದಕ್ಕೂ ಫಿಟ್ ಪತ್ರ ಬೇಕೇ ಬೇಕು ಅಂತ ನಿಯಮ. ಇವತ್ತು ಯಾರೋ ರಜೆ ಹಾಕಿದ್ರು, ಸಾಹೇಬ್ರು ಇವನನ್ನ ಹನ್ನೊಂದರ ಬಸ್ಸಿಗೆ ಹಾಕಿಬಿಟ್ರು."

"ಯಾವಾಗ ಗೊತ್ತಾಯ್ತು?"

"ಹತ್ತೂವರೆಗೆ."

"ನಮ್ಮ ಫೋನ್ ಬಂದಾಗ ಅವನು ಇನ್ನೂ ಹೊರಟಿರಲಿಲ್ಲ."

ಅವಳು ಹೌದೆಂದು ತಲೆಯಾಡಿಸಿದಳು. ಪೊಲೀಸ್ ಕಂಟ್ರೋಲ್ ರೂಮಿಗೆ ಮೂರು ಸಲ ಡಯಲ್ ಮಾಡಿ ಕೆಳಗಿಟ್ಟಿದ್ದಳು ಎಂಬುದು ಆಮೇಲೆ ಫೋನ್ ದಾಖಲೆಯಿಂದ ಸಾಬೀತಾಯಿತು. ಹೇಳಿದರೆ ತಮ್ಮನ ಕೆಲಸ ಹೋಗುತ್ತದೆ, ಹೇಳದಿದ್ದರೆ ಏನಾಗುತ್ತದೋ. ಬಿಸಿ ತುಪ್ಪ ನುಂಗುವಂತಿಲ್ಲ, ಉಗುಳುವಂತಿಲ್ಲ.

12.04ಕ್ಕೆ ವೈರ್‌ಲೆಸ್ ಗರಗರ ಎಂದಿತು. ಬಸ್ಸು ಚೆಕ್‌ಪೋಸ್ಟಿನಲ್ಲಿ ನಿಂತಿದೆ, ಎಲ್ಲರೂ ಕ್ಷೇಮ, ಚಾಲಕನೂ. ಹೆಡ್ ಕಾನ್‌ಸ್ಟೆಬಲ್ ಗೋಡೆಗೆ ತಿರುಗಿ ಕಣ್ಣೊರೆಸಿಕೊಂಡ. ಯಾರೂ ಅವನನ್ನು ಛೇಡಿಸಲಿಲ್ಲ.

12.30ರಿಂದ ಪಂಚನಾಮೆ. ಅವಳ ಯಂತ್ರದಲ್ಲಿ ನಿಯತಾಂಕಗಳ ಫೈಲಿನ ಪ್ರತಿ ಸಿಕ್ಕಿತು. ಗುರುವಾರ ಸಂಜೆ 5.50ಕ್ಕೆ ಸಹಿ ಮಾಡಿದ ಆಜ್ಞೆಯೂ ಇತ್ತು. ಪರೀಕ್ಷಿಸುವ ಆಜ್ಞೆಯಲ್ಲಿ ಒಂದೆರಡು ಪದ ಬದಲಿಸಿದ್ದಳು, ಅಷ್ಟೇ. ಕಪ್ಪುಪರದೆ ಮೂರು ಸಾಲಿಗೆ ನಿಲ್ಲಿಸಿದ್ದನ್ನು ಅವಳು ಕೊನೆಯವರೆಗೂ ಓದಿದ್ದಳು. ಬಂದ ಕಾಗದವನ್ನೆಲ್ಲ ಪೂರ್ತಿ ಓದುವುದು ಅವಳ ಕೆಲಸವಾಗಿತ್ತು. 1.45ಕ್ಕೆ ಮಹಿಳಾ ಕಾನ್‌ಸ್ಟೆಬಲ್ ಅವಳನ್ನು ದಸ್ತಗಿರಿ ಮಾಡಿದಳು.

ಠಾಣೆಯಲ್ಲಿ ಹೇಳಿಕೆ ಕೊಡುವಾಗ ಅವಳು ಅಳಲಿಲ್ಲ. ತಾಯಿ ಸತ್ತಾಗ ತಮ್ಮನಿಗೆ ನಾಲ್ಕು ವರ್ಷ, ಸಾಕಿದವಳು ಇವಳೇ. ಅನ್‌ಫಿಟ್ ಎಂದ ದಿನ ಅವನು ಯೂನಿಫಾರ್ಮ್ ಕಳಚದೆ, ಅನ್ನ ಮುಟ್ಟದೆ ಹೊಸ್ತಿಲಲ್ಲೇ ಕೂತುಬಿಟ್ಟನಂತೆ. ಡಾಕ್ಟ್ರು ಇನ್ನೊಮ್ಮೆ ರಿಪೋರ್ಟ್ ನೋಡಿದ್ರು ಕಣೋ, ನಿನಗೇನೂ ಇಲ್ಲ ಅಂದ್ರು ಎಂದು ಪತ್ರವನ್ನು ಅವನ ಕೈಗಿಟ್ಟಳಂತೆ. ಆಮೇಲೆ ಉಂಡನಂತೆ.

ನಾಲ್ಕು ಗಂಟೆಗೆ ತಮ್ಮನನ್ನು ಕರೆತಂದರು. ಅವನಿಗೆ ಯಾವುದೂ ತಿಳಿದಿರಲಿಲ್ಲ. ಇನ್‌ಸ್ಪೆಕ್ಟರ್ ಕೊನೆಯದಾಗಿ ಒಂದೇ ಪ್ರಶ್ನೆ ಕೇಳಿದರು.

"ಮೂರ್ಛೆಗೆ ಕೊಟ್ಟ ಗುಳಿಗೆ ತಗೊಳ್ತಾ ಇದ್ದೀಯಾ?"

"ಇಲ್ಲ ಸರ್. ನಿನಗೇನೂ ಇಲ್ಲ ಅಂತ ಡಾಕ್ಟ್ರೇ ಬರೆದುಕೊಟ್ಟಿದ್ದಾರಲ್ಲ. ಗುರುವಾರ ರಾತ್ರಿಯೇ ನಿಲ್ಲಿಸಿದೆ."

ಪಕ್ಕದ ಬೆಂಚಿನಲ್ಲಿದ್ದ ಅಕ್ಕ ಅದನ್ನು ಕೇಳಿಸಿಕೊಂಡಳು. ಎದ್ದು ನಿಂತಳು, ಮತ್ತೆ ಕೂತಳು. ಆಮೇಲೆ ಮಹಿಳಾ ಕಾನ್‌ಸ್ಟೆಬಲ್‌ಳ ತೋಳು ಹಿಡಿದು, ಗುಳಿಗೆಯ ಹೆಸರು, ದಿನಕ್ಕೆ ಎಷ್ಟು, ಮನೆಯಲ್ಲಿ ಯಾವ ಡಬ್ಬಿಯಲ್ಲಿದೆ ಎಂದು ಬರೆದುಕೊಳ್ಳಲು ಹೇಳಿದಳು.