ಎರಡನೇ ಕಾರ್ಬ್ಯುರೇಟರ್

ಜನವರಿಯೇ ನಡುಬೇಸಿಗೆಯಾದ ಬ್ರೋಕನ್ ಹಿಲ್ ಎಂಬ ಗಣಿ ಊರಿನಲ್ಲಿ, ಒಂದು ಮಧ್ಯಾಹ್ನ, ನಾನೇ ಕಿವಿಯಾರೆ ಕೇಳಿದ್ದು ಇದು. ಗಣಿಯಲ್ಲಿ ದುಡಿದು, ಕೆಮ್ಮಿ ಕೆಮ್ಮಿ ಸತ್ತ ಕ್ಲೆಮ್ ಟ್ರೆವಿನ್ ಅವರ ಹಳೆಯ ಕಾರು ಹನ್ನೊಂದು ವರ್ಷದಿಂದ ಶೆಡ್ಡಿನಲ್ಲೇ ಇತ್ತು. ಮೊಮ್ಮಗಳನ್ನು ಅವಳ ಮದುವೆಗೆ ಅದರಲ್ಲೇ ಕರೆದೊಯ್ಯಬೇಕೆಂದು ಅವರ ಹೆಂಡತಿ ಐವಿ ಮೆಕ್ಯಾನಿಕ್ ಆದ ನನ್ನನ್ನು ಕರೆಸಿದ್ದರು.

"ಕ್ಲೆಮ್ ಬಿಟ್ರೆ ಯಾರೂ ಇದನ್ನ ಮುಟ್ಟಿಲ್ಲ ಲಿಂಡ್ಸೆ. ಹುಷಾರು, ಎದ್ದು ಬಂದು ಬೈದಾರು!" ಎಂದು ಐವಿ ನಕ್ಕರು. ನಾನು ಹೊಸ ಬ್ಯಾಟರಿ, ಹೊಸ ಪೆಟ್ರೋಲ್ ಹಾಕಿದ ಮೇಲೆ ಒಳಗೆ ಕೂತು ಎಂಜಿನ್ ಶುರು ಮಾಡಿದರು.

ಮಿನುಗುವ ದೀಪ ಹಿಡಿದು ಇಗ್ನಿಷನ್ ಟೈಮಿಂಗ್, ಅಂದರೆ ಕಿಡಿ ಹಾರುವ ಕ್ಷಣ, ಸರಿಮಾಡಿದೆ. ಆಮೇಲೆ ಎಂಜಿನ್ನಿಗೆ ಗಾಳಿ, ಪೆಟ್ರೋಲ್ ಬೆರೆಸಿ ಕೊಡುವ ಎರಡು ಕಾರ್ಬ್ಯುರೇಟರ್‌ಗಳೂ ಸಮನಾಗಿ ಗಾಳಿ ಎಳೆಯುತ್ತಿವೆಯೇ ಎಂದು ತಿಳಿಯಲು ರಬ್ಬರ್ ಕೊಳವೆಯ ಒಂದು ತುದಿಯನ್ನು ಅವುಗಳ ಬಾಯಿಗೆ ಹಿಡಿದು ಇನ್ನೊಂದನ್ನು ಕಿವಿಗಿಟ್ಟುಕೊಂಡೆ. ಮೊದಲನೆಯದರಲ್ಲಿ ಎಂದಿನ ಸುಯ್ಯೆನ್ನುವ ಸದ್ದು. ಎರಡನೆಯದರಲ್ಲಿ ಗಾಳಿ ಒಳಗೆ ಹೋಗಿ, ತುಸು ನಿಂತು, ಮತ್ತೆ ಹೊರಗೆ ಬಂತು. ಕಾರ್ಬ್ಯುರೇಟರ್ ಗಾಳಿಯನ್ನು ಎಳೆಯುತ್ತದೆ, ಬಿಡುವುದಿಲ್ಲ. ನಲವತ್ತೆರಡು ಡಿಗ್ರಿ ಸೆಕೆಯಲ್ಲೂ ನನ್ನ ಕಿವಿ ತಣ್ಣಗಾಯಿತು.

"ಆಫ್ ಮಾಡಿ!" ಎಂದು ಕೂಗಿದೆ.

ಎಂಜಿನ್ ನಿಂತಿತು, ಫ್ಯಾನೂ ನಿಂತಿತು. ಕೊಳವೆಯೊಳಗಿನ ಉಸಿರಾಟ ಮಾತ್ರ ನಿಲ್ಲಲಿಲ್ಲ.

ಐವಿ ಇಳಿದು ಬಂದು ನನ್ನ ಮುಖ ನೋಡಿದರು. ಕೊಳವೆಯನ್ನು ತೆಗೆದುಕೊಂಡು ತಮ್ಮ ಕಿವಿಗಿಟ್ಟರು.

"ಪಾಪ, ಇನ್ನೂ ಕೆಮ್ಮು ಹೋಗಿಲ್ಲ," ಎಂದರು.

ಸಲಕರಣೆಗಳನ್ನೆಲ್ಲ ಅಲ್ಲೇ ಬಿಟ್ಟು ಓಡಿದೆ. ಎರಡನೆಯ ಕಾರ್ಬ್ಯುರೇಟರಿನ ಒಂದು ಸ್ಕ್ರೂವನ್ನೂ ನಾನು ತಿರುಗಿಸಿರಲಿಲ್ಲ.

ಶನಿವಾರ, ಮದುವೆಯ ದಿನ, ಆ ಕಾರು ಚರ್ಚಿನ ಮುಂದೆ ಬಂದು ನಿಂತಿತು. ಎಂಜಿನ್ ಎಳ್ಳಷ್ಟೂ ತಡವರಿಸುತ್ತಿರಲಿಲ್ಲ.

"ಯಾರ ಕೈಲಿ ಸರಿಮಾಡಿಸಿದ್ರಿ?" ಎಂದೆ.

"ನೀನು ಓಡಿದ ಮೇಲೆ ಶೆಡ್ಡಿಗೆ ಬೀಗ ಹಾಕಿದ್ದೆ ಮಗಾ," ಎಂದರು ಐವಿ. "ಇವತ್ತು ಬೆಳಿಗ್ಗೇನೇ ತೆಗೆದಿದ್ದು."