ಪ್ರಮೋದಕ್ಕನ ಮಾನಿಟರ್

"ಹತ್ತನೇ ಕ್ಲಾಸೇ ದಾಟದೋನು ನೀನೇನಲಾ ಡ್ರೈವರ್ ಸರಿಮಾಡ್ತೀಯ? ಆ ಮೂರನೇ ಮಾನಿಟರ್ ಹೋಗ್ಲಿಲ್ಲ ಅಂದ್ರೆ ನೀನೇ ಹೋಗು!"

ಸೋಂಪುರದ ಕಾರ್ಖಾನೆಯಲ್ಲಿ ಸೂಪರ್‌ವೈಸರ್ ಕೆಂಪರಾಜ್ ಎಲ್ಲರೆದುರು ಹಂಗಿಸಿದಾಗ ನನ್ನ ಮೈ ಉರಿಯಿತು. ನನ್ನ ಲಿನಕ್ಸ್ ಲ್ಯಾಪ್‌ಟಾಪಿಗೆ ಎರಡೇ ಮಾನಿಟರ್ ಜೋಡಿಸಿದ್ದರೂ ಅದು ಮೂರು ತೋರಿಸುತ್ತಿತ್ತು. ಮೂರನೆಯದು ನನ್ನ ಪಕ್ಕದಲ್ಲೇ ಕೂತು ಕೆಲಸ ಮಾಡುತ್ತಿದ್ದ, ಈಚೆಗೆ ತೀರಿಕೊಂಡ ಪ್ರಮೋದಕ್ಕನದು. ಅದನ್ನು ಆಗಲೇ ಕಳಚಿ ಸಾಗಿಸಿದ್ದರು. ಪರದೆಗಳನ್ನು ನಡೆಸುವ ತಂತ್ರಾಂಶವಾದ ಗ್ರಾಫಿಕ್ಸ್ ಡ್ರೈವರನ್ನು ತೆಗೆದು ಮತ್ತೆ ಹಾಕಿದರೂ ಮೂರೇ ಉಳಿದವು.

ಮೌಸಿನ ಬಾಣವನ್ನು ಆ ಇಲ್ಲದ ಪರದೆಗೆ ದೂಡಿ ಕೈ ತೆಗೆದೆ. ಬಾಣ ತಾನಾಗಿ ಮರಳಿ ಬಂದು ನನ್ನ ಪರದೆಯ ಬೆಳಕನ್ನು ತಗ್ಗಿಸಿತು. "ಕಣ್ಣು ಹಾಳಾಗ್ತವೆ ಕಣಪ್ಪಾ" ಎನ್ನುತ್ತ ಅಕ್ಕ ದಿನವೂ ಮಗ್ಗುಲಿಂದ ಬಗ್ಗಿ ಹೀಗೇ ತಗ್ಗಿಸುತ್ತಿದ್ದಳು. ಅವಳ ಖಾಲಿ ಕುರ್ಚಿಯನ್ನು ಮುಟ್ಟಿದೆ. ಯಾರೋ ಈಗಷ್ಟೇ ಎದ್ದುಹೋದಂತೆ ಅದು ಬೆಚ್ಚಗಿತ್ತು.

"ತೆಗೆದ್ಯೇನಲಾ?" ಎಂದು ಕೆಂಪರಾಜ್ ಕೂಗಿದ.

ನಾನು ಅಕ್ಕನ ಆ ಮೂರನೆಯದನ್ನು ಹಾಗೇ ಉಳಿಸಿ, ಕೆಲಸ ಬಿಟ್ಟು ಗೇಟಿನತ್ತ ನಡೆದೆ.